ತಿವಾರಿಯ ನಡತೆ ಹೇಗೆ?

ಬೆಳಗಿನ ಚಹಾಕ್ಕೆಂದು ಹರಿಕೇಶ ತಿವಾರಿ ಬೆಂಚಿನ ಮೇಲೆ ಕುಳಿತಾಗ ಚಹಾದಂಗಡಿಯ ಛೇದಿ ಎಂದಿನಂತೆ ಲೋಟ ಮುಂದಿಡಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅದನ್ನು ನೋಡದೆ ಹರಿಕೇಶನ ಮುಖವನ್ನೇ ನೋಡಿದ. ಆಮೇಲೆ ಆ ಕಡೆ ಈ ಕಡೆ ಕಣ್ಣಾಡಿಸಿ, ಬಗ್ಗಿ ಕಿವಿಯ ಹತ್ತಿರ ಬಂದ.

"ತಿವಾರಿಜೀ, ಎಲ್ಲಾದ್ರೂ ಏನಾದ್ರೂ ಕಿತಾಪತಿ ಮಾಡ್ಕೊಂಡಿದೀರಾ?"

"ಯಾಕೋ?"

"ಒಬ್ರು ಬಂದಿದ್ರು. ಕಂದು ಸಫಾರಿ ಸೂಟು, ಕಂಕುಳಲ್ಲಿ ಚರ್ಮದ ಬ್ಯಾಗು. ನಿಮ್ಮ ಹೆಸರು ಹಿಡಿದೇ ಕೇಳಿದ್ರು. ಎಷ್ಟೊತ್ತಿಗೆ ಏಳ್ತಾರೆ, ಯಾರ ಜೊತೆ ಓಡಾಡ್ತಾರೆ, ಸಿಗರೇಟು ಸೇದ್ತಾರಾ, ರೂಮಿಗೆ ಯಾರ್ಯಾರು ಬರ್ತಾರೆ..."

"ನೀನೇನಂದೆ?"

"ದಿನಾ ಓದ್ತಾರೆ, ಬಂಗಾರದಂಥ ಹುಡುಗ ಅಂದೆ. ಆದ್ರೆ ನಾನು ಹೊಗಳಿದಷ್ಟೂ ಅವರ ಮುಖ ಹುಳಿ ಮಜ್ಜಿಗೆ ಕುಡಿದೋರ ಥರ ಆಗ್ತಾ ಹೋಯ್ತು. ನನಗೇನೋ ಸರಿ ಕಾಣ್ಲಿಲ್ಲಪ್ಪ."

ಹರಿಕೇಶ ಹೆದರಿ ಬೆಂಚಿನಿಂದ ಎದ್ದುನಿಂತ. ಸುಮ್ಮನೆ ಅಲ್ಲ. ಹೋದ ತಿಂಗಳು ಮುಂದಿನ ಸಾಲಿನ ಪರೀಕ್ಷೆಯ ತಾರೀಖು ಮುಂದೂಡಬೇಕೆಂದು ಹುಡುಗರೆಲ್ಲ ಸೇರಿ ಲೋಕಸೇವಾ ಆಯೋಗದ ಕಚೇರಿಯ ಗೇಟಿನ ಮುಂದೆ ಗಂಟಲು ಹರಿದುಕೊಂಡಿದ್ದರು. ಹರಿಕೇಶ ಹೋದದ್ದು ನೋಡಲಿಕ್ಕೆ. ಆದರೆ ಲಾಠಿ ಬೀಸುವವರು ನೋಡುವವನು ಯಾರು ಕೂಗುವವನು ಯಾರು ಎಂದು ವಿಚಾರಿಸುವುದಿಲ್ಲವಲ್ಲ. ಓಡಿದ ಭರದಲ್ಲಿ ಅವನ ಎಡಗಾಲಿನ ಚಪ್ಪಲಿ ಅಲ್ಲೇ ಉಳಿದಿತ್ತು. ಅದು ಉಳಿದ ಜಾಗದಲ್ಲೇ ಒಂದು ಹೂಕುಂಡವೂ ಒಡೆದು ಬಿದ್ದಿತ್ತು. ಅಂದಿನಿಂದ ಅಲಹಾಬಾದಿನಲ್ಲಿ ಯಾವ ಪೊಲೀಸಿನವನು ಕಂಡರೂ ಅವನು ತನ್ನ ಪಾದವನ್ನೇ ಅಳೆಯುತ್ತಿದ್ದಾನೆ ಎಂದು ಹರಿಕೇಶನಿಗೆ ಅನ್ನಿಸುತ್ತಿತ್ತು. ಮುಖ್ಯ ಪರೀಕ್ಷೆ ಬರೆದಾಗಿತ್ತು, ಫಲಿತಾಂಶ ಇಂದೋ ನಾಳೆಯೋ ಎಂಬಂತಿತ್ತು. ಈಗ ಒಂದು ಕೇಸು ಹೆಗಲೇರಿದರೆ ವರ್ಷಗಟ್ಟಲೆ ಸವೆಸಿದ ಕಣ್ಣು, ಬೆನ್ನು, ಅಪ್ಪನ ತಾಳ್ಮೆ ಎಲ್ಲ ನೀರಿನಲ್ಲಿ ಹೋಮ.

ಚಹಾ ಕುಡಿಯದೆಯೇ ಲಾಡ್ಜಿಗೆ ಓಡಿದ. ಲಾಡ್ಜೆಂದರೆ ಅಲ್ಲಾಪುರದ ಗಲ್ಲಿಯಲ್ಲಿ ಹುಡುಗರೆಲ್ಲ ಚಾಚಿ ಎಂದು ಕರೆಯುವ ಮನೆಯೊಡತಿಯ ಎರಡಂತಸ್ತಿನ ಮನೆ. ಪ್ರತಿ ಕೋಣೆಯಲ್ಲೂ ಇಬ್ಬಿಬ್ಬರು ಭಾವಿ ಜಿಲ್ಲಾಧಿಕಾರಿಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಅಲ್ಲಿ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಎಂಬುದೇ ಇರಲಿಲ್ಲ. ಹೊಸ ಪುಸ್ತಕ ತಂದವನು ಅದನ್ನು ಅಂಗಿಯೊಳಗೆ ಅಡಗಿಸಿ ಮೆಟ್ಟಿಲು ಹತ್ತುತ್ತಿದ್ದ. ಹರಿಕೇಶನಂತೂ ತನ್ನ ಅರ್ಥಶಾಸ್ತ್ರದ ಪುಸ್ತಕಕ್ಕೆ ಸಿನಿಮಾ ಪತ್ರಿಕೆಯ ರಕ್ಷಾಪುಟ ಹೊದಿಸಿದ್ದ.

ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಚಾಚಿ ತಲೆ ಎತ್ತಿದರು. "ಬಂದ್ಯಾ? ನಿನ್ನನ್ನ ಕೇಳ್ಕೊಂಡು ಒಬ್ಬ ಬಂದಿದ್ದ. ನಿಜ ಹೇಳು, ನನ್ನ ಮನೆಗೆ ಪೊಲೀಸು ಗಿಲೀಸು ಬರೋ ಹಾಗಿದ್ರೆ ಇವತ್ತೇ ಗಂಟುಮೂಟೆ ಕಟ್ಟು."

"ಅಯ್ಯೋ ಚಾಚಿ, ನಾನೇನು ಮಾಡಿದೀನಿ? ನೀವೇನು ಹೇಳಿದ್ರಿ ಅವರಿಗೆ?"

"ಏನು ಹೇಳ್ಲಿ? ಹುಡುಗ ಒಳ್ಳೇವ್ನು, ದೀಪ ಆರಿಸೋದೇ ಇಲ್ಲ, ಕರೆಂಟು ಬಿಲ್ಲಿಗೆ ಇವನೇ ಕಾರಣ ಅಂದೆ. ಅದಕ್ಕೆ ಅವನು ನಿಟ್ಟುಸಿರು ಬಿಟ್ಟ. ನನ್ನ ಬಿಲ್ಲಿಗೆ ಅವನು ಯಾಕೆ ನಿಟ್ಟುಸಿರು ಬಿಡಬೇಕು? ಇಲ್ಲೇ ಸುತ್ತಾಡ್ತಿದಾನೆ, ಮತ್ತೆ ಬರ್ತೀನಿ ಅಂದಿದಾನೆ."

ಮೇಲಿನ ಕೋಣೆಯಲ್ಲಿ ಲಲ್ಲನ್ ದುಬೆ ಮಲಗಿದ್ದ. ಹರಿಕೇಶನ ಕೋಣೆಯ ಜೊತೆಗಾರನಾದ ಲಲ್ಲನ್ ಊರಿಂದ ಓದಲು ಬಂದಾಗ ಟ್ರಂಕಿನ ಜೊತೆ ಒಂದು ದಪ್ಪ ಹಾಸಿಗೆಯನ್ನೂ ತಂದಿದ್ದ. ಟ್ರಂಕಿನ ಬೀಗ ಇನ್ನೂ ತೆಗೆದಿರಲಿಲ್ಲ. ಹಾಸಿಗೆ ಮಾತ್ರ ಸುತ್ತಿಟ್ಟ ದಿನವೇ ಇರಲಿಲ್ಲ. ಪ್ರಿಲಿಮ್ಸ್ ಪರೀಕ್ಷೆಯ ದಿನವೂ ಅವನು ಇದೇ ಭಂಗಿಯಲ್ಲಿದ್ದ.

"ಲಲ್ಲನ್, ಏಳೋ! ಪೊಲೀಸು ನನ್ನ ಹುಡುಕ್ತಿದೆ!"

ಲಲ್ಲನ್ ಒಂದು ಕಣ್ಣು ಬಿಟ್ಟ. "ಸಿಕ್ಕಿದ್ಯಾ?"

"ಇನ್ನೂ ಇಲ್ಲ."

"ಮತ್ತೆ ಯಾಕೆ ಎಬ್ಬಿಸ್ತೀಯಾ?" ಎಂದು ಮಗ್ಗುಲು ಬದಲಿಸಿದ.

ಅಷ್ಟರಲ್ಲಿ ಕೆಳಗೆ ಗೇಟು ಕಿರ್ ಎಂದಿತು. "ತಿವಾರಿ ಇದ್ದಾರೇನಮ್ಮಾ?" ಎಂಬ ದಪ್ಪ ಧ್ವನಿ ಕೇಳಿತು. ಹರಿಕೇಶ ಹಿಂದೆಮುಂದೆ ನೋಡದೆ ತಾರಸಿಗೆ ಹಾರಿದ. ಅಲ್ಲಿಂದ ಹಿತ್ತಿಲಿನ ಗೋಡೆಗೆ ಇಳಿಯಬಹುದು, ಗೋಡೆಯಿಂದ ಗಲ್ಲಿಗೆ. ಇಳಿಯುವ ದಾರಿ ಅವನ ತಲೆಯಲ್ಲಿ ನಕ್ಷೆ ಬರೆದಂತೆ ಸ್ಪಷ್ಟವಾಗಿತ್ತು. ನಕ್ಷೆಯಲ್ಲಿಲ್ಲದ್ದು ಚಾಚಿಯ ಉಪ್ಪಿನಕಾಯಿ ಮಾತ್ರ. ಸಾಸಿವೆ ಮಸಾಲೆ ತುಂಬಿದ ದಪ್ಪ ಕೆಂಪು ಮೆಣಸಿನಕಾಯಿಗಳನ್ನು ದೊಡ್ಡ ತಟ್ಟೆಯಲ್ಲಿ ಹರಡಿ, ತಾರಸಿಯ ಅಂಚಿಗೇ ಬಿಸಿಲಿಗಿಟ್ಟಿದ್ದರು. ಹರಿಕೇಶ ಕಾಲಿಟ್ಟಿದ್ದು ತಟ್ಟೆಗೆ, ಬಿದ್ದದ್ದು ಗೋಡೆಯ ಆಚೆ, ಅವನ ಹಿಂದೆಯೇ ತಟ್ಟೆ ಬಂದು ಬಿದ್ದದ್ದು ಅವನ ಮುಖದ ಮೇಲೆ.

ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಮೂಗು, ಮೀಸೆ, ಹುಬ್ಬು ಎಲ್ಲ ಎಣ್ಣೆ, ಅರಿಸಿನ, ಸಾಸಿವೆ. ತಟ್ಟೆಯ ಸದ್ದಿಗೆ ಯಾರೋ ಮನೆಯನ್ನು ಸುತ್ತಿಕೊಂಡು ಓಡಿಬಂದು ಅವನ ಕೈ ಹಿಡಿದು ಎಬ್ಬಿಸಿದರು. ಕಣ್ಣೀರಿನ ನಡುವೆ ಅವನಿಗೆ ಮೊದಲು ಕಂಡದ್ದು ಕಂದು ಸಫಾರಿ ಸೂಟು.

"ಪೆಟ್ಟಾಯ್ತೇನಪ್ಪಾ? ಇದೇ ಮನೆಯವನಾ ನೀನು?" ಎಂದರು ಆ ಮನುಷ್ಯ.

"ಪಕ್ಕದ ಮನೆ."

"ಹಾಗಾದ್ರೆ ಹರಿಕೇಶ ತಿವಾರಿಯನ್ನ ಬಲ್ಲೆಯಾ? ಅವನ ನಡತೆ ಹೇಗೆ?"

ಓಡೋಣವೆಂದರೆ ಆ ಮನುಷ್ಯ ಹಿಡಿದ ಕೈ ಬಿಟ್ಟಿರಲಿಲ್ಲ. ಆದರೆ ಇಷ್ಟು ವರ್ಷ ತರ್ಕಶಾಸ್ತ್ರ ಓದಿದ್ದು ಆ ಗಳಿಗೆಯಲ್ಲಿ ಕೈ ಹಿಡಿಯಿತು. ಪರೀಕ್ಷೆ ಮುಂದೂಡಿ ಎಂದು ಗಲಾಟೆ ಮಾಡುವವನು ಯಾರು? ಓದುವವನು. ಓದದವನಿಗೆ ಪರೀಕ್ಷೆ ಇಂದಾದರೇನು, ಮುಂದಿನ ಜನ್ಮದಲ್ಲಾದರೇನು? ಅಲ್ಲಿಗೆ ಹರಿಕೇಶ ತಿವಾರಿ ಎಂಬವನು ಓದುವವನೇ ಅಲ್ಲ ಎಂದಾದರೆ ಚಪ್ಪಲಿಯೂ ಅವನದಲ್ಲ, ಹೂಕುಂಡವೂ ಅವನಿಗೆ ಸಂಬಂಧಿಸಿದ್ದಲ್ಲ.

"ಅವನ ವಿಷಯ ಯಾಕೆ ಕೇಳ್ತೀರಿ ಸಾಹೇಬ್ರೇ!" ಎಂದು ಕಣ್ಣೊರೆಸಿಕೊಂಡ. ಒರೆಸಿದಷ್ಟೂ ಉರಿ ಹೆಚ್ಚಾಗಿ ಇನ್ನಷ್ಟು ನೀರು ಸುರಿಯಿತು. "ಅಂಥ ಸೋಮಾರಿ ಈ ಗಲ್ಲೀಲಿ ಇನ್ನೊಬ್ಬ ಇಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ಏಳ್ತಾನೆ. ಎದ್ದು ಚಹಾ, ಆಮೇಲೆ ಇಸ್ಪೀಟು. ಮಧ್ಯಾಹ್ನ ತೆಹರಿ ಅನ್ನ ಬೇಯಿಸ್ಕೊಂಡು ತಿಂದು ಮತ್ತೆ ನಿದ್ದೆ. ಪುಸ್ತಕ ಅಂದ್ರೆ ಸಿನಿಮಾ ಪತ್ರಿಕೆ, ಬೇಕಿದ್ರೆ ಅವನ ಮೇಜು ನೋಡಿ. ಅವನಿಗೆ ಪರೀಕ್ಷೆ ಯಾವ ತಿಂಗಳು ಅನ್ನೋದೂ ಗೊತ್ತಿಲ್ಲ."

"ಹಾಗಾದ್ರೆ ಪಾಸಾಗೋ ಸಂಭವ?"

"ಏಳು ಜನ್ಮ ಎತ್ತಿದ್ರೂ ಇಲ್ಲ!"

ಆ ಮನುಷ್ಯರ ಮುಖ ನಿಧಾನವಾಗಿ ಅರಳಿತು. ಜೇಬಿನಿಂದ ಕರವಸ್ತ್ರ ತೆಗೆದು ಹರಿಕೇಶನ ಕೈಗಿತ್ತು, "ಸ್ನೇಹಿತನ ಮೇಲೆ ಎಷ್ಟು ಪ್ರೀತಿ ಇದ್ರೆ ಇಷ್ಟು ಅಳ್ತೀಯಪ್ಪಾ. ದೇವರು ಒಳ್ಳೇದು ಮಾಡ್ಲಿ" ಎಂದು ಬೆನ್ನು ತಟ್ಟಿ ಹೊರಟುಹೋದರು. ಆ ನಗು ನೋಡಿ ಹರಿಕೇಶನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ನಗುವ ಪೊಲೀಸಿನವನನ್ನು ಅವನು ಈವರೆಗೆ ಕಂಡಿರಲಿಲ್ಲ.

ಮಧ್ಯಾಹ್ನ ಕಳೆದರೂ ಉರಿ ಇಳಿಯದೆ ನಲ್ಲಿಯ ಕೆಳಗೆ ತಲೆಯಿಟ್ಟು ಕುಳಿತಿದ್ದಾಗ ಪಾಂಡೆ ಭಯ್ಯಾ ಬಂದರು. ಪಾಂಡೆ ಭಯ್ಯಾ ಲಾಡ್ಜಿನ ಹಿರಿಯರು. ತಮ್ಮ ಅವಕಾಶಗಳನ್ನೆಲ್ಲ ಮುಗಿಸಿ, ಈಗ ಕಿರಿಯರಿಗೆ ಸಲಹೆ ಕೊಟ್ಟು ಅವರ ಅವಕಾಶಗಳನ್ನೂ ಮುಗಿಸುತ್ತಿದ್ದರು. ಚಾಚಿ ಚೆಲ್ಲಿದ ಉಪ್ಪಿನಕಾಯಿಯ ಲೆಕ್ಕ ಹೇಳಿ ಬೈಯುತ್ತಿದ್ದುದನ್ನು ಕೈಯೆತ್ತಿ ನಿಲ್ಲಿಸಿ, ಇಡೀ ವೃತ್ತಾಂತ ಕೇಳಿದರು. ಕೇಳಿ ಹಣೆ ಚಚ್ಚಿಕೊಂಡರು.

"ಮಂಕೇ! ಹೂಕುಂಡಕ್ಕೆ ಯಾವ ಪೊಲೀಸು ಸಫಾರಿ ಸೂಟು ಹಾಕ್ಕೊಂಡು ಬರುತ್ತೋ? ಅವರು ಏನು ಕೇಳಿದ್ರು? ನಡತೆ! ಸಹವಾಸ! ಚಟ! ಇದು ಕೇಸಲ್ಲ, ನಡತೆ ವಿಚಾರಣೆ. ನೌಕರಿ ಕೊಡೋಕೆ ಮುಂಚೆ ಗುಪ್ತವಾಗಿ ಮಾಡಿಸ್ತಾರೆ."

"ಆದ್ರೆ ರಿಸಲ್ಟೇ ಬಂದಿಲ್ವಲ್ಲ ಭಯ್ಯಾ?"

"ಹೊರಗೆ ಬಂದಿಲ್ಲ. ಒಳಗೆ ಬಂದಿರುತ್ತೆ. ನೀನು ಪಾಸು ಕಣೋ, ಪಾಸು!"

ಗಲ್ಲಿಗೆ ಗಲ್ಲಿಯೇ ನೆರೆಯಿತು. ಈವರೆಗೆ ಅವನಿಗೆ ತಮ್ಮ ಟಿಪ್ಪಣಿಯ ಒಂದು ಹಾಳೆಯನ್ನೂ ತೋರಿಸದವರು ಬಂದು ಅಪ್ಪಿಕೊಂಡರು. "ಯಾವ ಪುಸ್ತಕ ಓದಿದ್ದೋ? ಈಗಲಾದ್ರೂ ಹೇಳು" ಎಂದು ಒಬ್ಬ ಕಿವಿಯಲ್ಲಿ ಕೇಳಿದ. ಚಾಚಿ ಉಪ್ಪಿನಕಾಯಿಯನ್ನು ಮರೆತು, "ನನಗೆ ಮೊದಲೇ ಗೊತ್ತಿತ್ತು, ಇವನ ಮುಖದಲ್ಲಿ ಕಳೆ ಇದೆ" ಎಂದರು. ಆ ಕಳೆಯ ಬಹುಭಾಗ ಮೆಣಸಿನಕಾಯಿಯದಾಗಿತ್ತು.

ಹರಿಕೇಶ ಮಾತ್ರ ನಲ್ಲಿಯ ಪಕ್ಕ ಕುಸಿದು ಕುಳಿತ. "ಭಯ್ಯಾ, ನಾನು ಅವರಿಗೆ ಇಸ್ಪೀಟು ಅಂದುಬಿಟ್ಟೆ. ನಿದ್ದೆ ಅಂದುಬಿಟ್ಟೆ. ಏಳು ಜನ್ಮ ಅಂದುಬಿಟ್ಟೆ!"

ಛೇದಿ ಗುಂಪಿನ ಹಿಂದಿನಿಂದ ಕೂಗಿದ. "ಊರೆಲ್ಲ ಸುತ್ತಿ ಈಗ ತಾನೇ ರಿಕ್ಷಾ ಹತ್ತಿದ್ರು! ಪ್ರಯಾಗ್ ಸ್ಟೇಷನ್ನಿಗೆ ಅಂದ್ರು! ಸಂಜೆ ಪ್ಯಾಸೆಂಜರ್‌ಗೆ ಇರ್ಬೇಕು!"

ಸೈಕಲ್ಲಿದ್ದದ್ದು ಲಲ್ಲನ್ ಒಬ್ಬನ ಬಳಿ. ಅವನು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನಾಲ್ಕು ಜನ ಸೇರಿ ಅವನನ್ನು ಹಾಸಿಗೆಯಿಂದ ಎತ್ತಿ ಸೈಕಲ್ಲಿನ ಮೇಲೆ ಕೂರಿಸಿದರು. ಹಿಂದಿನ ಕ್ಯಾರಿಯರ್ ಮೇಲೆ ಹರಿಕೇಶ, ಅವನ ತೊಡೆಯ ಮೇಲೆ ಸಾಕ್ಷಿಗೆಂದು ಇತಿಹಾಸ, ಭೂಗೋಳ, ಸಂವಿಧಾನ. ಅರ್ಥಶಾಸ್ತ್ರವನ್ನು ರಕ್ಷಾಪುಟ ಕಿತ್ತು ತಂದಿದ್ದ. ಲಲ್ಲನ್ ಎತ್ತಿನಂತೆ ಏದುಸಿರು ಬಿಡುತ್ತ ತುಳಿದ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ನೀನು ಕಲೆಕ್ಟರ್ ಆದ್ರೆ ಮೊದಲು ಈ ರಸ್ತೆ ಮಾಡ್ಸೋ."

ಪ್ಯಾಸೆಂಜರ್ ಗಾಡಿ ನಿಂತಿತ್ತು. ಸಫಾರಿ ಸೂಟಿನವರು ಕಿಟಕಿಯ ಪಕ್ಕ ಕುಳಿತು ಸೀಬೆಹಣ್ಣಿಗೆ ಉಪ್ಪು ಹಚ್ಚಿಕೊಳ್ಳುತ್ತಿದ್ದರು. ಹರಿಕೇಶ ಕಿಟಕಿಯ ಸರಳು ಹಿಡಿದುಕೊಂಡ.

"ಸಾಹೇಬ್ರೇ, ನಾನೇ ಹರಿಕೇಶ ತಿವಾರಿ! ಬೆಳಗ್ಗೆ ನಿಮಗೆ ಯಾರೋ ಹೇಳಿದ್ದೆಲ್ಲ ಸುಳ್ಳು. ನಾನು ಹದಿನಾರು ಗಂಟೆ ಓದ್ತೀನಿ. ಇಸ್ಪೀಟಿನ ಎಲೆ ಯಾವ ಬಣ್ಣ ಅಂತಾನೂ ಗೊತ್ತಿಲ್ಲ. ಬೇಕಾದ್ದು ಕೇಳಿ, ಸಂವಿಧಾನದ ಯಾವ ವಿಧಿ ಬೇಕಾದ್ರೂ ಕೇಳಿ!"

ಅವರು ಸೀಬೆಹಣ್ಣನ್ನು ಕೆಳಗಿಟ್ಟರು. ಬೆಳಗಿನ ಹುಳಿ ಮುಖ ಮರಳಿ ಬಂತು. "ಹದಿನಾರು ಗಂಟೆಯಾ? ಪಾಸಾಗ್ತೀಯಾ?"

"ಆದ ಹಾಗೇ ಸಾಹೇಬ್ರೇ!"

"ಅಯ್ಯೋ ರಾಮ! ನಿನ್ನ ಸೋದರಮಾವ ನನಗೆ ಮೋಸ ಮಾಡಿದ್ರು ಕಣಪ್ಪಾ."

"ಸೋದರಮಾವನಾ?"

"ನಾನು ಸುಲ್ತಾನ್‌ಪುರದ ಶುಕ್ಲಾ. ಇಟ್ಟಿಗೆ ಭಟ್ಟಿ ಇದೆ. ಇಬ್ಬರು ಹೆಣ್ಣುಮಕ್ಕಳನ್ನ ಅಧಿಕಾರಿಗಳಿಗೇ ಕೊಟ್ಟೆ. ವರ್ಗದ ಮೇಲೆ ವರ್ಗ, ಇವತ್ತು ಬರೇಲಿ, ನಾಳೆ ಝಾನ್ಸಿ. ಮುಖ ನೋಡಿ ಯುಗ ಆಯ್ತು. ಕಿರಿಯವಳೇ ಈಗ ಭಟ್ಟಿ ನಡೆಸ್ತಿರೋದು. ಊರು ಬಿಟ್ಟು ಬರಲ್ಲ, ವರ್ಗ ಆಗೋ ಗಂಡ ಬೇಡವೇ ಬೇಡ ಅಂತ ಹಟ ಹಿಡಿದಿದಾಳೆ. ನಿನ್ನ ಮಾವ ಹೇಳಿದ್ರು, 'ನಮ್ಮ ಹುಡುಗ ಪಾಸಾಗೋದಿಲ್ಲ, ಧೈರ್ಯವಾಗಿ ಹೋಗಿ ನೋಡಿ' ಅಂತ. ಇಲ್ಲಿ ಬಂದ್ರೆ ಎಲ್ಲರೂ ನೀನು ಓದ್ತೀಯಾ ಓದ್ತೀಯಾ ಅಂತ ಎದೆ ಒಡೆದ್ರು. ಕೊನೆಗೆ ಆ ಅಳ್ತಿದ್ದ ಹುಡುಗ ಒಬ್ಬ ನಿಜ ಹೇಳಿ ಜೀವ ತಂಪು ಮಾಡಿದ್ದ. ಮನೆಗೆ ಹೋಗಿ ಮುಹೂರ್ತ ಇಡ್ಸೋಣ ಅಂತಿದ್ದೆ."

ಹರಿಕೇಶನ ಕಣ್ಣ ಮುಂದೆ ಸ್ವಂತ ಮನೆ, ಬಿಸಿ ಊಟ, ಪರೀಕ್ಷೆಯೇ ಇಲ್ಲದ ಒಂದು ಬೆಳಗು ಮಿಂಚಿ ಹೋದವು.

"ಆ ಹುಡುಗ ನಾನೇ ಶುಕ್ಲಾಜೀ!" ಎಂದು ಚೀರಿದ. "ಉಪ್ಪಿನಕಾಯಿಯೊಳಗೆ ಇದ್ದವನು ನಾನೇ! ಬೆಳಗ್ಗೆ ಹೇಳಿದ್ದೇ ನಿಜ, ಈಗ ಹೇಳಿದ್ದು ಸುಳ್ಳು. ನಾನು ಓದೋದಿಲ್ಲ. ಏಳು ಜನ್ಮಕ್ಕೂ ಪಾಸಾಗೋದಿಲ್ಲ!"

ಶುಕ್ಲಾಜಿ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಅವನ ಕೆಂಪು ಕಣ್ಣನ್ನೂ ತೋಳಿನಲ್ಲಿದ್ದ ಪುಸ್ತಕಗಳನ್ನೂ ನೋಡಿದರು. "ಬೆಳಗ್ಗೆ ಒಂದು, ಸಂಜೆ ಒಂದು, ಈಗ ಇನ್ನೊಂದು. ನೀನು ಖಂಡಿತ ದೊಡ್ಡ ಅಧಿಕಾರಿ ಆಗ್ತೀಯಪ್ಪಾ. ನಮ್ಮಂಥವರಿಗೆ ಆಗಿಬರೋದಿಲ್ಲ."

ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಲಲ್ಲನ್ ಅಷ್ಟರಲ್ಲಿ ಬಂದು, ಕಿಟಕಿಯ ಕೆಳಗೇ ಪ್ಲಾಟ್‌ಫಾರ್ಮಿನ ಮೇಲೆ ಕಾಲು ಚಾಚಿ ಕುಳಿತ. ಕುಳಿತವನೇ ಆಕಳಿಸಿದ. ಅದು ಎಂಥ ಆಕಳಿಕೆಯೆಂದರೆ, ಶುಕ್ಲಾಜಿ ಕಿಟಕಿಯಿಂದ ಬಗ್ಗಿ ನೋಡಿದರು.

"ನೀನು ಯಾರಪ್ಪಾ?"

"ಲಲ್ಲನ್ ದುಬೆ."

"ದಿನಕ್ಕೆ ಎಷ್ಟು ಗಂಟೆ ಓದ್ತೀಯಾ?"

"ನಾನಾ?" ಲಲ್ಲನ್‌ಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಟ್ರಂಕಿನ ಕೀಲಿ ಕಳೆದುಹೋಗಿದೆ ಶುಕ್ಲಾಜೀ. ನಿಮ್ಮ ಭಟ್ಟಿ ಹತ್ತಿರ ಮರ ಇದೆಯಾ? ನೆರಳು?"

"ಮೂರು ಮಾವಿನ ಮರ ಇದೆ ಮಗಾ" ಎಂದರು ಶುಕ್ಲಾಜಿ. ಸೀಬೆಹಣ್ಣನ್ನು ಕಿಟಕಿಯಿಂದ ಅವನ ಕೈಗಿತ್ತರು. "ಒಳಗೆ ಬಾ. ಸುಮ್ನೆ ಊಟಕ್ಕೆ ಬಂದು ಹೋಗು. ಮಗಳೂ ಒಂದು ಸಲ ನೋಡ್ಲಿ. ಅವಳು ಬೇಡ ಅಂದ್ರೆ ಬೆಳಗಿನ ಗಾಡೀಲಿ ವಾಪಸು."

ಲಲ್ಲನ್ ಕುಳಿತಲ್ಲಿಂದ ಅಷ್ಟು ಬೇಗ ಎದ್ದದ್ದನ್ನು ಹರಿಕೇಶ ಅದೇ ಮೊದಲು ನೋಡಿದ್ದು. ಗಾಡಿ ಸೀಟಿ ಹಾಕಿತು. ಬಾಗಿಲಿನಲ್ಲಿ ನಿಂತು ಲಲ್ಲನ್, "ಸೈಕಲ್ಲಿಗೆ ಎಣ್ಣೆ ಬಿಡೋ!" ಎಂದು ಕೂಗಿದ್ದು ದೂರವಾಯಿತು.

ಇತಿಹಾಸ, ಭೂಗೋಳ, ಸಂವಿಧಾನ, ಅರ್ಥಶಾಸ್ತ್ರವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹರಿಕೇಶ ಅಲ್ಲಾಪುರಕ್ಕೆ ಬಂದಾಗ ಲಾಡ್ಜಿನ ಮುಂದೆ ಜನ ಕಾದಿದ್ದರು. ಚೆಂಡುಹೂವಿನ ಹಾರ ಹಿಡಿದು ಪಾಂಡೆ ಭಯ್ಯಾ ಮುಂದೆ ಬಂದರು.

"ಏನಾಯ್ತೋ? ಆಯ್ಕೆ ಆಯ್ತಾ?"

"ಆಯ್ತು ಭಯ್ಯಾ."

"ನಾನು ಹೇಳಲಿಲ್ವಾ!" ಎಂದು ಅವರು ಹಾರವನ್ನು ಅವನ ತಲೆಯ ತನಕ ಎತ್ತಿದರು.

"ಲಲ್ಲನ್‌ದು."

ಹಾರ ಗಾಳಿಯಲ್ಲೇ ನಿಂತಿತು. ಪಾಂಡೆ ಭಯ್ಯಾ ಅನುಮಾನದಿಂದ ಅವನನ್ನೇ ದಿಟ್ಟಿಸಿದರು. "ಏನೋ ಹೇಳ್ತಿದೀಯಾ? ಅವನು ಪ್ರಿಲಿಮ್ಸೇ ಬರೆದಿಲ್ವಲ್ಲೋ!"

"ಅದಕ್ಕೇ ಭಯ್ಯಾ" ಎಂದು ಹರಿಕೇಶ ಸೈಕಲ್ಲನ್ನು ಗೋಡೆಗೆ ಒರಗಿಸಿದ.