ಮಾವನ ಒಲೆಗೆ ಬೇಲಿ

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಲೋಟ ಕಾಫಿ ಕಾಯಿಸುವುದಕ್ಕಿಂತ ಜೈಲಿನಿಂದ ತಪ್ಪಿಸಿಕೊಳ್ಳುವುದು ಸುಲಭ! ಪಿರಿಯಾಪಟ್ಟಣದ ಪಕ್ಕದ ಹಳ್ಳಿಯಲ್ಲಿ ಮೂವತ್ತು ವರ್ಷ ತಂಬಾಕು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿ, ಒಂದು ಕಿಡಿಯನ್ನೂ ಆಚೆ ಬಿಡದೆ ಕಾವಲು ಕೂತ ಮನುಷ್ಯ. ಈಗ ಹೆದರುವುದು ಯಾವುದಕ್ಕೆ ಗೊತ್ತೆ? ಎರಡು ಬರ್ನರಿನ ಗ್ಯಾಸ್ ಒಲೆಗೆ!

ಕಾರಣವಿದೆ. ಅತ್ತೆಗೆ ನಿಂತು ಅಡುಗೆ ಮಾಡಿ ಅಭ್ಯಾಸವಿಲ್ಲ. ಮೊಣಕಾಲೆತ್ತರದ ಕಲ್ಲಿನ ಮೇಲೆ ಒಲೆ, ಎದುರಿಗೊಂದು ಮಣೆ. ಹೋದ ವರ್ಷ ಮಾವನ ಮಗಳು, ನಾನು ಅಕ್ಕ ಎನ್ನುವವಳು, ಕೆ.ಆರ್. ನಗರದಿಂದ ಮಗುವನ್ನು ಕರೆದುಕೊಂಡು ಬಂದಿದ್ದಳು. ಆಗಷ್ಟೇ ನಡೆಯಲು ಕಲಿತಿದ್ದ ಪುಟ್ಟಿ, ಸಾರಿನ ಪಾತ್ರೆಯ ಮಸಿಬಟ್ಟೆ ಹಿಡಿದು ಎಳೆದಳು. ಕೈ ಸುಟ್ಟಿತು. ಗಾಯ ತಿಂಗಳೊಳಗೆ ಮಾಯ್ದಿತು. ಅಕ್ಕನ ಮಾತು ಮಾತ್ರ ಹಾಗೇ ಉಳಿಯಿತು: "ಈ ಅಡಿಗೆಮನೆಗೆ ನನ್ ಮಗೀನ ಇನ್ನೊಂದ್ಸಲ ಕರ್ಕೊಂಡು ಬರಾಕಿಲ್ಲ ಕಣಪ್ಪ." ಅಂದಿನಿಂದ ಬಂದಿಲ್ಲ.

ಮಾವ ಒಲೆಗೆ ಬೇಲಿ ಹಾಕಲು ಹೊರಟರು. ಮೊದಲನೆಯದು ತಂಬಾಕಿನ ಎಲೆ ಕಟ್ಟುವ ಕಡ್ಡಿಗಳದು. ಎಲೆ ಕಟ್ಟುವ ಅದೇ ದಾರ, ಅದೇ ಗಂಟು.

"ಮಾವ, ಬೆಂಕಿಯಿಂದ ಕಾಪಾಡೋಕೆ ಸುತ್ತ ಸೌದೆ ಜೋಡಿಸಿದ್ದೀರಲ್ಲ! ಇದು ಬೇಲಿಯೋ, ಎರಡನೇ ಒಲೆಯೋ?"

"ಸುಮ್ಕಿರು. ಚರ್ಚಾಸ್ಪರ್ಧೇಲಿ ಕಪ್ ಗೆದ್ದವ್ಳು ಬ್ಯಾರನ್ ಕಾದೋನಿಗೆ ಬೆಂಕಿ ಪಾಠ ಯೋಳ್ತಾಳೆ!"

ಮಾರನೆಯ ದಿನ ಒಗ್ಗರಣೆ ಹೊತ್ತಿಗೆ ಎರಡು ಕಡ್ಡಿ ಕರಕಲಾದವು. ನಾನು ಸುಮ್ಮನೆ ಕೆಮ್ಮಿದೆ.

ಎರಡನೆಯ ಬೇಲಿ ನಾಬ್‌ಗಳದು. ಅಡುಗೆ ಮುಗಿದ ಕೂಡಲೇ ಒಲೆಯ ನಾಬ್ ಎರಡನ್ನೂ ಕಿತ್ತು ಜೇಬಿಗಿಳಿಸುವುದು. ಒಮ್ಮೆ ಹಾಗೇ ತಂಬಾಕು ಹರಾಜಿಗೆ ಹೊರಟುಹೋದರು. ಮನೆಗೆ ಬೀಗರು ಬಂದು ಕೂತಿದ್ದಾರೆ. ಒಲೆಯಿದೆ, ಗ್ಯಾಸಿದೆ, ಹಾಲಿದೆ, ತಿರುಗಿಸಲು ಏನೂ ಇಲ್ಲ! ಅತ್ತೆ ನನಗೆ ಫೋನ್ ಮಾಡಿದರು: "ನಿಮ್ಮಾವ ಒಲೇನ ಜೇಬ್ನಲ್ಲಿ ಇಟ್ಕೊಂಡು ಓಗವ್ರೆ ಕಣವ್ವ. ಬೀಗ್ರಿಗೆ ಹಸಿ ಹಾಲು ಕೊಡ್ಲಾ?"

ನಾನು ತರ್ಕಕ್ಕಿಳಿದೆ. "ನೋಡಿ ಮಾವ. ಈ ಮನೇಲಿ ಈಗ ಮಗು ಇಲ್ಲ. ಮಗು ಇಲ್ಲ ಅಂದ್ಮೇಲೆ ಅಪಾಯ ಇಲ್ಲ. ಅಪಾಯ ಇಲ್ಲ ಅಂದ್ಮೇಲೆ ಬೇಲಿ ಯಾಕೆ?"

ಮಾವ ಎಲೆಅಡಿಕೆ ಅಗಿಯುತ್ತಾ ಯೋಚಿಸಿದರು. "ಬೇಲಿ ಇಲ್ದಿದ್ರೆ ಮಗು ಬರಾಕಿಲ್ಲ. ಮಗು ಇಲ್ದಿದ್ರೆ ಬೇಲಿ ಬ್ಯಾಡ ಅಂತೀಯ. ಓಗು, ಆ ಕಪ್ಪು ವಾಪಸ್ ಕೊಟ್ಬುಡು."

ನನ್ನ ಎದುರಾಳಿಗಳಲ್ಲಿ ಯಾರೂ ನನ್ನನ್ನು ಇಷ್ಟು ಬೇಗ ಕೂರಿಸಿರಲಿಲ್ಲ!

ಮೊನ್ನೆ ಹೋದಾಗ ಮೂರನೆಯ ಬೇಲಿ ಎದ್ದಿತ್ತು. ಬ್ಯಾರನ್ನಿನ ಹಳೆಯ ಹೊಗೆಕೊಳವೆ ಬಿಡಿಸಿ ಮಾಡಿದ ತಗಡು. ಒಲೆಯಿಂದ ಒಂದು ಮೊಳ ದೂರ, ಅತ್ತೆಯ ಮಣೆಯೂ ಒಳಗೆ; ಅತ್ತೆ ಒಳಹೊರಗೆ ಓಡಾಡಲು ಚಿಲಕದ ಬಾಗಿಲು. ತಗಡು ಎಷ್ಟು ಕಾಯುತ್ತದೆಂದು ತಿಳಿಯಲು ಒಲೆ ಹಚ್ಚಿ, ಮಾವ ತಮ್ಮ ಅಂಗೈಯನ್ನೇ ಒತ್ತಿ ನೋಡುತ್ತಿದ್ದರಂತೆ. "ನಾನು ಅಡಿಗೆ ಮಾಡ್ತಿದ್ದೀನೋ, ದೊಡ್ಡೀಲಿ ಕೂತಿದ್ದೀನೋ ಗೊತ್ತಾಗಾಕಿಲ್ಲ," ಎಂದು ಅತ್ತೆ ಒಳಗಿನಿಂದ ಕೂಗಿದರು.

"ಬಾ, ನೀನೇ ಪುಟ್ಟಿ ಅನ್ಕೊ. ಕೂತ್ಕೊಂಡು ಎಳಿ!" ಎಂದರು ಮಾವ.

ನೆಲದ ಮೇಲೆ ಮಂಡಿಯೂರಿ ಎಳೆದೆ. ತಗಡು ಅಲ್ಲಾಡಲಿಲ್ಲ. ಆದರೆ ಆ ಎತ್ತರದಿಂದ ಒಂದು ಕಂಡಿತು. ಬ್ಯಾರನ್ನಿನ ಗೋಡೆಯಲ್ಲಿ ಒಳಗಿನ ಥರ್ಮಾಮೀಟರ್ ನೋಡಲು ಇಡುವ ಪುಟ್ಟ ಗಾಜು ಇಲ್ಲೂ ಕೂತಿತ್ತು. ನೇರ ದೋಸೆಕಲ್ಲಿನ ಎದುರಿಗೆ.

"ಇಷ್ಟು ಭದ್ರ ಮಾಡಿ ತೂತು ಯಾಕೆ ಮಾವ?"

"ಅವ್ಳಜ್ಜಿ ದ್ವಾಸೆ ಉಯ್ಯೋದು ಅವ್ಳಿಗೆ ಕಾಣ್ಬೇಕಲ್ವಾ. ಅವತ್ತು ಕಾಣ್ದಿದ್ಕೇ ಕಣವ್ವ ಎಳೆದಿದ್ದು. ಮಗೀಗೆ ನೋಡೋ ಆಸೆ."

ಗಾಜಿನ ಕೆಳಗೆ ತಗಡಿನ ತೇಪೆಗಳು ಎರಡು. ಮೊದಲು ಗಾಜಿದ್ದ ಜಾಗಗಳನ್ನು ಮುಚ್ಚಿದ್ದು. ಏನೆಂದು ಕೇಳಿದೆ.

"ಬೆಳೀತಾವ್ಳಲ್ಲ," ಎಂದರು ಮಾವ, ತಗಡನ್ನೇ ನೋಡುತ್ತಾ. "ಅಂದಾಜ್ ಮ್ಯಾಲೆ ಏರಿಸ್ತಾ ಇವ್ನಿ. ಈಗೆಷ್ಟೋ ಗೊತ್ತಾಯ್ತಿಲ್ಲ."

ಅಕ್ಕನಿಗೆ ಫೋನ್ ಮಾಡಿದೆ. ಬೇಲಿಯ ಪರವಾಗಿ ಐದು ವಾದ ಸಿದ್ಧವಿದ್ದವು. ಐದನ್ನೂ ಬದಿಗಿಟ್ಟೆ.

"ಅಕ್ಕ, ಪುಟ್ಟಿ ಈಗ ಎಷ್ಟೆತ್ತರ ಇದಾಳೆ?"

"ಯಾಕೆ?"

"ಮಾವಂಗೆ ಬೇಕಂತೆ. ಬೇಲೀಲಿ ಅವಳಿಗೊಂದು ಗಾಜು ಕೂರಿಸವ್ರೆ, ದೋಸೆ ನೋಡೋಕೆ."

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಅಕ್ಕನ ದನಿ, ನನ್ನ ಜೊತೆಯಲ್ಲ, ಬೇರೆ ಯಾರ ಜೊತೆಯೋ: "ಪುಟ್ಟಿ, ಬಾ ಇಲ್ಲಿ. ಗ್ವಾಡೆಗೆ ಒರಗ್ಕೊಂಡು ನೆಟ್ಗೆ ನಿಂತ್ಕೊ... ಅಲ್ಲಾಡ್ಬ್ಯಾಡ."

ಮಾವ ಆಗಲೇ ಸೀಮೆಸುಣ್ಣ ಹಿಡಿದು ತಗಡಿನ ಮುಂದೆ ಕೂತಿದ್ದರು.