ಬೋರ್ಡು ಬರೆದು ಅಳಿಯನಾದದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಬ್ರಷ್ಷಿನ ಕೂದಲೆಲ್ಲಾ ಉದುರಿ ಹೋಗಲಿ! ಬಣ್ಣದ ಡಬ್ಬಿ ಹಿಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಹೆಚ್ಚೇ ಆದವು. ಯಾಕಂದರೆ ಎಂಬತ್ತರ ದಶಕದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿಗೆ ನನ್ನಂಥ ಪೇಂಟರ್ ಇನ್ನೊಬ್ಬನಿರಲಿಲ್ಲ. ಇದ್ದ ಮೂರ್ನಾಲ್ಕು ಜನರನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಆಗ ಮಸ್ಕಿಯ ಸೀರೆ ಅಂಗಡಿ ಸಾಹುಕಾರರ ಮಗಳನ್ನು ನೋಡಿ ಬಂದಿದ್ದೆ. ಹುಡುಗಿ ಚಹಾ ಕೊಟ್ಟು ಒಳಗೆ ಹೋದಳು, ನನ್ನ ಜೀವವೂ ಹಿಂದೆಯೇ ಹೋಯಿತು. ಸಾಹುಕಾರರು ಮಾತ್ರ ತಮ್ಮ ಗಿರಿಜಾ ಮೀಸೆ ತಿರುವಿದರೇ ಹೊರತು ಜಗ್ಗಲಿಲ್ಲ. "ಗ್ವಾಡಿಗೆ ಬಣ್ಣ ಬಳಿಯೋ ಹುಡುಗಗ ಹೆಣ್ಣು ಕೊಡಬೇಕಂದ್ರ ಮೊದಲ ಅವನ ಗ್ವಾಡಿ ನೋಡಬೇಕು" ಅಂದರು. ಎಲ್ಲರೂ ಹುಡುಗನ ಬಗ್ಗೆ ನೆರೆಯವರನ್ನು ವಿಚಾರಿಸಿದರೆ, ಇವರು ನನ್ನನ್ನೇ ಬಸ್ಸು ಹತ್ತಿಸಿಕೊಂಡು ನನ್ನ ಬೋರ್ಡುಗಳನ್ನು ವಿಚಾರಿಸಲು ಹೊರಟರು.

ಸಿಂಧನೂರಿನ ಹಲ್ಲು

ಮೊದಲು ಹಲ್ಲಿನ ಡಾಕ್ಟರರ ದವಾಖಾನೆ. ಬಿಳಿ ಹಲ್ಲು ಎದ್ದು ಕಾಣಲೆಂದು ಗೋಡೆಗೆಲ್ಲಾ ಕೆಂಪು ಹೊಡೆದು, ನಡುವೆ ಎರಡು ಸಾಲು ಹಲ್ಲು ಬರೆದಿದ್ದೆ. ಮುತ್ತಿನಂಥ ಹಲ್ಲು! ಆದರೆ ಆ ಕಡೆ ಒಬ್ಬ ಪೇಶೆಂಟೂ ಇಲ್ಲ. ತುರ್ವಿಹಾಳದ ಬಸ್ಸಿನಿಂದ ಇಳಿದ ರೈತನೊಬ್ಬ ತನ್ನ ಜೋಡಿದಾರನ ರಟ್ಟೆ ಹಿಡಿದು ಎಳೆದ:

"ದೂರ ಸರಿಯಲೇ, ಕರೆಂಟ್ ಹೊಡಿತೈತಿ!"

ಕರೆಂಟಿನ ಕಂಬದ ಮೇಲೂ ಇದೇ ಕೆಂಪು, ಇದೇ ಹಲ್ಲು ಕಿಸಿದ ಬುರುಡೆ. ಕೆಳಗೆ ನಾನು ಬರೆದ ಅಕ್ಷರ ಓದುವಷ್ಟು ಹತ್ತಿರ ಬರುವ ಧೈರ್ಯ ಯಾರಿಗಿದೆ?

ಸಾಹುಕಾರರು, "ಬೋರ್ಡಿನಿಂದ ಏನರ ಲಾಭ ಆತೇನ್ರೀ?" ಅಂದರು.

"ಆಗೇತ್ರೀ" ಅಂದರು ಡಾಕ್ಟರು. "ಮೊದಲ ಈ ಗ್ವಾಡಿಗೆ ಮಂದಿ ಒಂದಕ್ಕ ನಿಲ್ಲತಿದ್ರು. ಈಗ ನಾಯಿ ಸೈತ ಕಾಲು ಎತ್ತವಲ್ಲದು."

ಲಿಂಗಸುಗೂರಿನ ಬದನೆಕಾಯಿ

ಅಲ್ಲಿಯ ಖಾನಾವಳಿಗೆ 'ಶುದ್ಧ ಸಸ್ಯಾಹಾರಿ' ಎಂದು ಗುಂಡಗೆ ಬರೆದು, ಪಕ್ಕದಲ್ಲಿ ತೊಟ್ಟು ಸಮೇತ ಎಣ್ಣೆಗಾಯಿ ಬದನೆ ಬಿಡಿಸಿದ್ದೆ. ನೇರಳೆ ಬಣ್ಣ ತೀರಿದ್ದಕ್ಕೆ ಕೆಂಪು-ಕಪ್ಪು ಕಲಸಿ ಹೊಡೆದಿದ್ದೆ, ಅಷ್ಟೇ. ನಾವು ರೊಟ್ಟಿಗೆ ಕೂತಿದ್ದಾಗಲೇ ಲಾರಿಯವರು ದಡದಡ ನುಗ್ಗಿದರು.

"ಕೋಳಿ ಕಾಲು ತರ್ರಿ!"

"ಹೊರಗ ಸಸ್ಯಾಹಾರಿ ಅಂತ ಬರದೈತಲ್ಲೋ ಯಪ್ಪಾ!" ಅಂದಳು ಖಾನಾವಳಿಯ ಅಮ್ಮ.

"ಅದನ್ಯಾರು ಓದ್ಯಾರಬೇ? ನಾವು ಕಾಲು ನೋಡಿ ಬಂದೀವಿ!"

ಮಾನ ಉಳಿಸಿಕೊಳ್ಳಲು ಓಡಿಹೋಗಿ ಬದನೆಗೆ ಹಸಿರು ಬಳಿದು ಬಂದೆ. ಮುಂದಿನ ಲಾರಿಯವರೂ ಬಂದು ಕೂತರು. "ಅಮ್ಮಾರ, ನಮಗ ಆ ಕೊತಂಬರಿ ಮಸಾಲಿ ಕೋಳಿ!"

ಮಸ್ಕಿಯ ಸೀರೆ

ವಾಪಸು ಬರುವಾಗ ಸಾಹುಕಾರರು ಬಸ್ಸಿನಲ್ಲೇ ತೀರ್ಪು ಕೊಟ್ಟರು. "ಮಂದಿ ಅಂತೂ ಒಳಗ ಬಂದ್ರು. ಕಡೀಕ ನನ್ನ ಅಂಗಡಿಗೆ ಒಂದು ಬೋರ್ಡು ಬರಿ. ಬಜಾರ ನಿಂತು ನೋಡಿದ್ರ ಮಗಳನ್ನ ಕೊಡ್ತೀನಿ. ಇಲ್ಲಂದ್ರ ಮತ್ತ ಈ ಕಡೆ ಮುಖ ಹಾಕಬ್ಯಾಡ."

ಹಳದಿ ಅಕ್ಷರ, ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಮುಖಕ್ಕೆ ಬಂದಾಗ ಕೈಗೆ ಒಂದೇ ಮುಖ ಬಂತು. ಬಜಾರ ನಿಂತಿತು.

"ಏ, ಇದು ಸಾಹುಕಾರ್ರ ಮಗಳಲ್ಲೇನು?"

ಸಾಹುಕಾರರು ಕೆಂಡವಾಗಿ ಹೊರಬಂದರು. "ನನ್ನ ಮಗಳನ್ನ ಬಜಾರಕ್ಕ ನಿಲ್ಲಿಸ್ತೀಯೇನಲೇ! ಅಕಿ ಗುರುತು ಸಿಗದಂಗ ಮಾಡು, ಈಗಿಂದೀಗ!"

ಕೈಯಲ್ಲಿ ಕಪ್ಪು ಬಣ್ಣದ ಬ್ರಷ್ಷಿತ್ತು. ಒಂದು ಗಿರಿಜಾ ಮೀಸೆ ಎಳೆದುಬಿಟ್ಟೆ. ಏಣಿ ಇಳಿದು ನೋಡಿದರೆ ಮಗಳು ಮಾಯ. ಅದೇ ಮೂಗು, ಅದೇ ಗಲ್ಲ, ಅದೇ ಮೀಸೆ. ಇಳಕಲ್ ಸೀರೆ ಉಟ್ಟು ಸೆರಗು ಹಿಡಿದು ನಾಚಿ ನಿಂತವರು ಸಾಕ್ಷಾತ್ ಸಾಹುಕಾರರು!

ಎದುರಿನ ಕಿರಾಣಿ ಅಂಗಡಿಯವನು ಕೂಗಿದ: "ಸಾಹುಕಾರ್ರ, ಹಸರು ನಿಮಗ ಬರೋಬ್ಬರಿ ಒಪ್ಪೈತ್ರೀ!"

ಬಸ್ ಸ್ಟ್ಯಾಂಡಿನಿಂದಲೂ ಮಂದಿ ಓಡಿ ಬಂದರು. "ಅಳಸೋ ಮಾರಾಯಾ!" ಎಂದು ಸಾಹುಕಾರರು ಒದ್ದಾಡಿದರು.

ನಾನು ಏಣಿಗೊರಗಿ, ಕೈಕಟ್ಟಿ ಅಂದೆ: "ಬಜಾರ ನಿಂತೈತಲ್ರೀ. ಹೆಣ್ಣು ಕೊಡ್ತೀನಿ ಅನ್ರಿ, ಅಳಸ್ತೀನಿ."

"ಕೊಟ್ಟೆನೋ, ಕೊಟ್ಟೆ! ಮೊದಲ ನನ್ನ ಮೈಮ್ಯಾಲಿನ ಸೀರಿ ತಗಿ!"

ಇಷ್ಟೂ ಖರೆ. ಒಂದು ಸಣ್ಣ ಮಾತು ಮಾತ್ರ ನಾನು ಸೇರಿಸಿದ್ದು. ನಾನು ಏಣಿಗೊರಗಿ ಕೈಕಟ್ಟಿ ನಿಂತಿರಲೇ ಇಲ್ಲ. ಬಣ್ಣ ಒರೆಸಲು ಗಡಿಬಿಡಿಯಲ್ಲಿ ಅರಿವೆ ಹುಡುಕುತ್ತಿದ್ದೆ. ಅಂಗಡಿ ಬಾಗಿಲ ಸಂದಿಯಿಂದ ಸಾಹುಕಾರರ ಮಗಳು ಅಂದಳು: "ಅಪ್ಪ ಹೂಂ ಅನ್ನೋತನಕ ಒರಸಬ್ಯಾಡ್ರೀ!"