ಅಡುಗೆಮನೆಗೆ ಕೇಳಿಸುವ ಫುಟ್‌ಬಾಲ್

ಇಟಲಿಯ ಲೆಚ್ಚೆ ಊರಿನ ಒರೊಂತ್ಸೊಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು. ಆಕೆ ಪರದೇಶದ ಗಂಡಸರ ಪಾಲಾಗಿದ್ದಳು. (ಗಾಬರಿ ಬೇಡ. ಹನ್ನೊಂದು ಜನ, ಎಲ್ಲರೂ ಟಿವಿಯೊಳಗೇ ಇದ್ದರು.) ಶನಿವಾರದ ಊಟದ ತಟ್ಟೆ ತೊಳೆದಿಟ್ಟವಳೇ ಆಸ್ಸುಂತ ಕೆಳಮನೆಯ ವಿಧವೆ ನುನ್ಸಿಯಾಳ ಹತ್ತಿರ ಇಂಗ್ಲೆಂಡಿನ ಲೀಗ್ ನೋಡಲು ಇಳಿದುಬಿಡುತ್ತಿದ್ದಳು. ನುನ್ಸಿಯಾ ಅಡುಗೆ ಚಾನೆಲ್ ಬೇಕೆಂದು ಕೇಳಿದ್ದಕ್ಕೆ ಡಿಶ್ಶಿನವನು ಇಂಗ್ಲಿಷ್ ಫುಟ್‌ಬಾಲ್ ಹಾಕಿ ಹೋಗಿದ್ದ. ಈಗ ಇಬ್ಬರೂ ಅಲ್ಲಿಯ ಯಾವುದೋ ಕೆಂಪಂಗಿ ತಂಡದ ಪರಮಭಕ್ತರು.

ಮೂಲ ಹುಡುಕಿದರೆ ತಪ್ಪು ಒರೊಂತ್ಸೊನದೇ. ಮದುವೆಯಾದ ಹೊಸತರಲ್ಲಿ ಆಸ್ಸುಂತ ಕಾಫಿ ಹಿಡಿದು ಟಿವಿ ಕೋಣೆಗೆ ಬಂದಳು, ಊರ ತಂಡದ ಬಲೆಗೆ ಗೋಲು ಬಿತ್ತು. ಮುಂದಿನ ಭಾನುವಾರ ಬಾದಾಮಿ ಬಿಸ್ಕತ್ತು ಹಿಡಿದು ಬಂದಳು, ಇನ್ನೊಂದು ಬಿತ್ತು. ಆ ಊರಿನಲ್ಲಿ ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರೂ ಕೇಳುವುದಿಲ್ಲ.

"ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಕಣೇ," ಅಂದಿದ್ದ. "ನಿನ್ನ ಕಾಲ್ಗುಣ ಸರಿಯಿಲ್ಲ. ಆಟ ಮುಗಿಯೋವರೆಗೂ ಅಡುಗೆಮನೇಲಿ ಇರು."

ಆಕೆ ಇದ್ದಳು. ಸೋಫಾದಲ್ಲಿ ಅವನ ಪಕ್ಕ ಗೆಳೆಯ ಕೊಸಿಮೊ ಕೂತ, ಇಬ್ಬರ ತಲೆಯೂ ಬೋಳಾಗುವವರೆಗೆ ಕೂತ. ಹೋದ ಚಳಿಗಾಲದಲ್ಲಿ ಕೊಸಿಮೊ ತೀರಿಹೋದ. ಈಗ ಒರೊಂತ್ಸೊ ರೆಫ್ರಿಯನ್ನು ಬೈದರೆ ಹೌದೆನ್ನಲು ಮನೆಯಲ್ಲಿ ಯಾರೂ ಇಲ್ಲ. ಒಂಟಿಯಾಗಿ ಬೈಯುವುದರಲ್ಲಿ ಏನೂ ಸುಖವಿಲ್ಲವೆಂದು ಅವನಿಗೆ ಆಗ ತಿಳಿಯಿತು. ಹೆಂಡತಿ ಪಕ್ಕದಲ್ಲಿ ಬಂದು ಕೂರಲಿ ಅಂತ ಆಸೆ. ಹಾಗಂತ ಬಾಯಿಬಿಟ್ಟು ಕೇಳಲಾರದೆ ಕ್ರೀಡಾಮೀಮಾಂಸೆಗೆ ಇಳಿದ.

"ಇಂಗ್ಲೆಂಡಿನವರದ್ದೂ ಒಂದು ಆಟವೇ? ಬಸ್ಸು ತಪ್ಪಿಹೋದವರ ಹಾಗೆ ಓಡ್ತಾರೆ. ನಮ್ಮ ಲೀಗಲ್ಲಿ ತಲೆ ಓಡುತ್ತೆ. ಚೆಂಡು ಹಿಂದೆ ಇಟ್ಕೊಂಡು, ತಾಳ್ಮೆಯಿಂದ ಕಾದು, ಎದುರಾಳಿ ಒಂದು ಹೆಜ್ಜೆ ತಪ್ಪಿದಾಗ ನುಗ್ಗೋದು."

"ನಿಮ್ಮ ಲೀಗನ್ನ ಅಡುಗೆಮನೆಯಿಂದ ಕೇಳಿದೀಯಾ?" ಅಂದಳು ಆಸ್ಸುಂತ. "ಕಡಲೆ ಬೇಯೋವರೆಗೂ ಒಂದು ಸದ್ದಿಲ್ಲ. ಮನೇಲಿ ಯಾರಾದ್ರೂ ಇದಾರೋ ಇಲ್ವೋ ಅಂತ ಬಗ್ಗಿ ನೋಡ್ಬೇಕು. ಆಮೇಲೆ ಒಂದು ಸೀಟಿ, ರೆಫ್ರಿ ತಾಯಿಗೆ ನಿನ್ನ ಬೈಗುಳ, ಮತ್ತೆ ಮೌನ. ಅವರ ಆಟ ಹಾಗಲ್ಲಪ್ಪ, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಬಿಟ್ಟು ಅತ್ತಿತ್ತ ಹೋಗೋಕೇ ಆಗಲ್ಲ."

ಅಷ್ಟೂ ವರ್ಷ ಆಕೆ ಅಲ್ಲಿ ಕಿವಿಗೊಟ್ಟು ಕೂತಿದ್ದಳೆಂಬುದು ಒರೊಂತ್ಸೊನ ತಲೆಗೆ ಹೊಳೆದೇ ಇರಲಿಲ್ಲ. ಮುಂದಿನ ಶನಿವಾರ ಸೋತೆನೆಂದು ಒಪ್ಪಿಕೊಂಡು, ಕಸ್ಟರ್ಡ್ ತುಂಬಿದ ಪಸ್ತಿಚ್ಚೊತ್ತೊ ಸಿಹಿ ಕಟ್ಟಿಸಿಕೊಂಡು, ಅಂಗಿ ಇಸ್ತ್ರಿ ಮಾಡಿಕೊಂಡು (ಸ್ವತಃ) ಕೆಳಮನೆಗೆ ಇಳಿದ. ಸೋಫಾದಲ್ಲಿ ಆಸ್ಸುಂತಳ ಪಕ್ಕ ಕೂರಬೇಕು, ಆಟ ತುಸು ತಣ್ಣಗಾದಾಗ "ತಪ್ಪಾಯ್ತು ಕಣೇ" ಅನ್ನಬೇಕು. ಅಷ್ಟೇ ಯೋಜನೆ.

ಆದರೆ ಆಟ ತಣ್ಣಗಾಗಲೇ ಇಲ್ಲ. ಈ ತುದಿಯಲ್ಲಿದ್ದ ಚೆಂಡು ಉಗುಳು ನುಂಗುವಷ್ಟರಲ್ಲಿ ಆ ತುದಿಯಲ್ಲಿ. ಒರೊಂತ್ಸೊ "ತಪ್" ಅನ್ನುವಷ್ಟರಲ್ಲಿ ಕಾರ್ನರ್, ಮತ್ತೆ ಬಾಯಿ ತೆರೆದರೆ ಕೌಂಟರ್ ಅಟ್ಯಾಕ್. ಇಟಲಿಯ ತಾಳ್ಮೆಯಿಂದ ಕಾದ. ಕಾಯುತ್ತಿದ್ದಾಗಲೇ ಕೆಂಪಂಗಿಯವರ ಬಲೆಗೆ ಗೋಲು ಬಿತ್ತು.

"ಕಾಕತಾಳೀಯ," ಅಂದ ಒರೊಂತ್ಸೊ.

ನೀರು ಕುಡಿದು ಬಂದು ಮತ್ತೆ ಕೂತ. ಜಾಗ ಬದಲಾಯಿಸಿದರೆ ದೋಷ ಹೋದೀತೆಂದು ಈ ಸಲ ಸೋಫಾ ಬಿಟ್ಟು ಕುರ್ಚಿಯಲ್ಲಿ ಕೂತ. ಇನ್ನೊಂದು ಗೋಲು ಬಿತ್ತು.

ಹೆಂಗಸರಿಬ್ಬರೂ ಅವನ ಕಡೆ ತಿರುಗಿದರು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತು, ಹಿಂದೊಮ್ಮೆ ಅವನೇ ಹೆಂಡತಿಯನ್ನು ಹಾಗೆ ನೋಡಿದ್ದ.

"ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಒರೊಂತ್ಸೊ," ಅಂದಳು ಆಸ್ಸುಂತ, ಮೆತ್ತಗೆ.

"ಒಳಗೆ ಚಿಕೋರಿ ಸೊಪ್ಪಿದೆ," ಅಂದಳು ನುನ್ಸಿಯಾ. "ಬೇಜಾರಾಗದ ಹಾಗೆ ಸೋಸ್ತಾ ಇರಿ."

ಅಡುಗೆಮನೆಯಲ್ಲಿ ಕೂತು ಒರೊಂತ್ಸೊ ಸೊಪ್ಪು ಸೋಸಿದ. ಮೊದಲ ಹಿಡಿ ಮುಗಿಯುವ ಮುಂಚೆಯೇ ಆಚೆ ಕೋಣೆಯಲ್ಲಿ ಸೋಫಾ ಮುರಿದಂಥ ಸದ್ದು, ಕೇಕೆ. ಸೊಪ್ಪು ಹಿಡಿದೇ ಬಾಗಿಲಿಗೆ ಓಡಿದ.

"ಅಲ್ಲೇ ಇರು!" ಅಂದಳು ಆಸ್ಸುಂತ. "ಒಂದು ಹೆಜ್ಜೆ ಮುಂದಿಡಬೇಡ. ನೀನು ಒಳಗೆ ಹೋದ್ಮೇಲೇ ಗೋಲಾಗಿದ್ದು. ಮುಂದಿನ ಶನಿವಾರಾನೂ ಬಾ ಮಾರಾಯ, ನಿನ್ನ ಜಾಗ ಅಲ್ಲೇ."

ಕರೆದಳಲ್ಲ, ಅಷ್ಟೇ ಸಾಕೆಂದುಕೊಂಡು ಒಳಗೆ ಹೋಗಿ ಕೂತ. ಅಲ್ಲಿಂದಲೇ "ಯಾರು ಹೊಡೆದಿದ್ದು?" ಅಂತ ಕೂಗಿದ. ಚೆಂಡು ಆಗಲೇ ಮತ್ತೆ ಓಡತೊಡಗಿತ್ತು, ಉತ್ತರ ಕೊಡಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ಇಟಲಿಯ ಲೀಗಿನಲ್ಲಾದರೆ ಎದ್ದು ಅಡುಗೆಮನೆಗೆ ಹೋಗಿ, ಗೋಲು ಹೊಡೆದವನು ಯಾರೆಂದು ಹೆಂಡತಿಗೆ ಹೇಳಿ, ಒಂದು ಲೋಟ ನೀರು ಕುಡಿದು ಬರುವಷ್ಟು ಹೊತ್ತು ಇರುತ್ತದೆ. ಒರೊಂತ್ಸೊ ಒಂದು ದಿನವೂ ಹೋಗಿ ಹೇಳಿರಲಿಲ್ಲ.